ಅಕ್ಕನ ತಲೆಯೊಳಗಿನ ಲಾಡಿಹುಳು

ಅಕ್ಕನ ಎಡಗೈ ಹೆಬ್ಬೆರಳು ತಾನಾಗಿಯೇ ಕುಣಿಯುವುದನ್ನು ಮೊದಲು ಕಂಡವನು ನಾನು. ಕಂಡವನು ಡಾಕ್ಟರ ಹತ್ತಿರ ಓಡಲಿಲ್ಲ. ಊಟದ ಬಿಡುವಿನಲ್ಲಿ ಎಲ್ಲರ ನಡುವೆ ನಿಂತು ಅದನ್ನು ಹಾಗೆಯೇ ಮಾಡಿ ತೋರಿಸಿದೆ. ಹೆಬ್ಬೆರಳು ಮೂರು ನಾಲ್ಕು ಸಲ ಒಳಕ್ಕೆ ಮಡಿಚಿಕೊಳ್ಳುವುದು, ಆಮೇಲೆ ಮಣಿಕಟ್ಟು ಜಗ್ಗುವುದು, ತುಟಿಯ ಎಡ ಅಂಚು ಯಾರೋ ದಾರ ಕಟ್ಟಿ ಎಳೆದಂತೆ ಕೆಳಗೆ ಸರಿಯುವುದು, ಅಷ್ಟು ಹೊತ್ತೂ ಅಕ್ಕ ಮಾತು ನಿಲ್ಲಿಸಿ ಗೋಡೆ ನೋಡುವುದು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅವಳು ನಕ್ಕಳಲ್ಲ ಅಂತ ಮಾರನೇ ದಿನವೂ ಮಾಡಿದೆ.

ಅದು ರಾಯದುರ್ಗದ ಒಂದು ಜೀನ್ಸ್ ಹೊಲಿಯುವ ಯೂನಿಟ್ಟು. ಕೋಟೆ ಬೆಟ್ಟದ ಬುಡದ ಓಣಿಯಲ್ಲಿ, ತಗಡಿನ ಮಾಡಿನ ಕೆಳಗೆ ಇಪ್ಪತ್ತು ಮಿಷನ್ನು. ನಾವಿಬ್ಬರೂ ಮಡಕಶಿರದ ಕಡೆಯವರು; ರತ್ನಗಿರಿಯ ಕೋಟೆ ಕಣ್ಣಿಗೆ ಬೀಳುವಷ್ಟು ಹತ್ತಿರ ನಮ್ಮ ಊರು. ಮನೆಯಲ್ಲಿ ಕಡಲೆಕಾಯಿ ಬೆಳೆಯುತ್ತಾರೆ, ಹಿಪ್ಪುನೇರಳೆ ಸೊಪ್ಪು ಬೆಳೆದು ರೇಷ್ಮೆಹುಳು ಸಾಕುತ್ತಾರೆ. ಆ ವರ್ಷಗಳಲ್ಲಿ ನಮ್ಮ ಕಡೆಯಿಂದ ಕೈ ಬೆರಳು ನೆಟ್ಟಗಿದ್ದವರೆಲ್ಲ ಹೊಲಿಗೆಗೆ ಹೊರಟಿದ್ದರು. ಅಕ್ಕ ಮೊದಲು ಬಂದು ಕಲಿತಳು. ಪ್ಯಾಂಟಿನ ಒಳಗಾಲಿನ ಜೋಡಣೆ ಅವಳದು. ದಪ್ಪ ಬಟ್ಟೆಯನ್ನು ಎಡಗೈಯಲ್ಲಿ ತಿರುಗಿಸಿ ತಿರುಗಿಸಿ ಸೂಜಿಯ ಬಾಯಿಗೆ ಕೊಡಬೇಕು. ನಾನು ಮಡಕಶಿರದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಎರಡು ವಿಷಯ ಫೇಲಾಗಿ ಅವಳ ಹಿಂದೆಯೇ ಬಂದವನು. ನನಗೆ ಕೊಟ್ಟದ್ದು ಬೆಲ್ಟಿನ ಲೂಪು. ಡಿಗ್ರಿಯ ಅರ್ಧಕ್ಕೆ ಲೂಪೇ ಸರಿ ಅಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ, ಬೇರೆಯವರು ಹೇಳುವುದಕ್ಕೆ ಮೊದಲು.

ಇನ್ನೊಬ್ಬರ ಹಾಗೆ ಮಾಡುವುದು ನನಗೆ ಚಿಕ್ಕಂದಿನಿಂದ ಬಂದ ಚಾಳಿ. ಯೂನಿಟ್ಟಿನ ಸಾವ್ಕಾರರು ಫೋನಿನಲ್ಲಿ ಬಳ್ಳಾರಿಯ ವ್ಯಾಪಾರಿಗೆ ಬಗ್ಗುವ ಹಾಗೆ ಬಗ್ಗಿ, ಅದೇ ಉಸಿರಿನಲ್ಲಿ ನಮ್ಮ ಕಡೆ ತಿರುಗಿ ನೆಟ್ಟಗಾಗುವುದನ್ನು ಮಾಡುತ್ತಿದ್ದೆ. ದಾರ ಕತ್ತರಿಸಲು ಬೊಮ್ಮನಹಾಳಿನಿಂದ ಬರುತ್ತಿದ್ದ ದೊಡ್ಡವ್ವ ಒಬ್ಬಳಿದ್ದಳು. ಅವಳು ಬಸ್ಸು ತಪ್ಪಿದ ಕತೆಯನ್ನು ಅವಳದೇ ಧ್ವನಿಯಲ್ಲಿ ಹೇಳುತ್ತಿದ್ದೆ. "ಬಾಡ್ಯಾ, ನಾ ಸತ್ತ ಮ್ಯಾಲ ನನ್ನ ಮಕ್ಕಳು ನಿನ್ನ ಕರ್ಕಂಡು ಹೋಗ್ತಾರ ನೋಡು, ನನ್ನಂಗ ಮಾತಾಡಿ ಸಮಾಧಾನ ಮಾಡಾಕ" ಅನ್ನುತ್ತಿದ್ದಳು. ಎಲ್ಲ ಮುಗಿದ ಮೇಲೆ ನನ್ನನ್ನೇ ಮಾಡುತ್ತಿದ್ದೆ: ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಹೆಸರು ಹುಡುಕುವ ಹುಡುಗನನ್ನು.

ಕಾಲೇಜಿನಲ್ಲಿ ಕಲಿತದ್ದರಲ್ಲಿ ನನ್ನ ತಲೆಯಲ್ಲಿ ಪೂರ್ತಿ ಉಳಿದದ್ದು ಚಪ್ಪಟೆ ಹುಳುಗಳ ಪಾಠ ಒಂದೇ. ಅದು ಉಳಿದದ್ದೂ ಓದಿನ ಆಸೆಯಿಂದಲ್ಲ. ಪ್ರಾಣಿಶಾಸ್ತ್ರದ ಲೆಕ್ಚರರನ್ನು ಹಾಸ್ಟೆಲ್ಲಿನಲ್ಲಿ ಮಾಡಿ ತೋರಿಸಬೇಕಿತ್ತು. ಅದಕ್ಕಾಗಿ ಒಂದು ಮಾತೂ ಬಿಡದೆ ಕೇಳುತ್ತಿದ್ದೆ. ಅವರು ಒಂದು ದಿನ ಹಳೇ ಬಾವಿಯ ಮೆಟ್ಟಿಲ ಹತ್ತಿರದ ಕಲ್ಲು ಎತ್ತಿ ಅದರಡಿಯ ಹುಳುವೊಂದನ್ನು ಬಾಟಲಿಯಲ್ಲಿ ತಂದರು. ಉಗುರಿನಷ್ಟು ಉದ್ದ, ಬೂದಿ ಬಣ್ಣ, ಬಾಣದ ಮೊನೆಯಂಥ ತಲೆ, ಅದರ ಮೇಲೆ ಒಂದನ್ನೊಂದು ನೋಡಿಕೊಳ್ಳುವ ಎರಡು ಮೆಳ್ಳೆಗಣ್ಣು. ಅದಕ್ಕೆ ಹೃದಯವಿಲ್ಲ, ರಕ್ತವಿಲ್ಲ, ಶ್ವಾಸಕೋಶವಿಲ್ಲ. ಉಸಿರು ಚರ್ಮದಿಂದಲೇ ಒಳಗೆ ಇಳಿಯಬೇಕು. ದಪ್ಪಗಾದರೆ ಒಳಗಿನ ಮೈಗೆ ಗಾಳಿ ಮುಟ್ಟುವುದಿಲ್ಲ, ಅದಕ್ಕೇ ಚಪ್ಪಟೆ. ಬಾಯಿ ಇರುವುದು ತಲೆಯಲ್ಲಲ್ಲ, ಹೊಟ್ಟೆಯ ನಡುವೆ. ತಿಂದದ್ದು ಒಳಗೆ ಹೋಗುವುದೂ ಮಿಕ್ಕದ್ದು ಹೊರಗೆ ಬರುವುದೂ ಅದೇ ಬಾಯಿಂದ. ಲೆಕ್ಚರರು ಬ್ಲೇಡಿನಿಂದ ಅದನ್ನು ಅಡ್ಡಕ್ಕೆ ಎರಡು ಮಾಡಿದರು. ಎರಡು ವಾರದ ಮೇಲೆ ಅದೇ ಗಾಜಿನ ತಟ್ಟೆಯನ್ನು ಹಿಡಿದುಕೊಂಡು ಬಂದರು. ಬಾಲದ ತುಂಡಿಗೆ ತಲೆ ಬಂದಿತ್ತು, ಮೆಳ್ಳೆಗಣ್ಣು ಸಮೇತ. ತಲೆಯ ತುಂಡಿಗೆ ಬಾಲ. ಅವರು ಏನೂ ಹೇಳದೆ ತಟ್ಟೆಯನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದರು. ಅವತ್ತು ನಾನೂ ಅವರನ್ನು ಅಣಕಿಸಲಿಲ್ಲ.

ಅದೇ ಕುಲದ ಇನ್ನೊಂದು ಹುಳು ಗಾಜಿನ ಜಾಡಿಯಲ್ಲಿ ಇತ್ತು. ಲಾಡಿಹುಳು. ಲಂಗದ ಲಾಡಿಯ ಹಾಗೆಯೇ ಉದ್ದ, ಬಿಳಿಚಿಕೊಂಡ ಪಟ್ಟಿ, ಮೈಯೆಲ್ಲ ತುಂಡು ತುಂಡಾಗಿ ಜೋಡಿಸಿದಂತೆ. ಅದಕ್ಕೆ ಕಣ್ಣಿಲ್ಲ, ಬಾಯಿಲ್ಲ, ಹೊಟ್ಟೆಯೂ ಇಲ್ಲ. ಗುಂಡುಸೂಜಿಯ ತಲೆಯಷ್ಟಿರುವ ತಲೆಯಲ್ಲಿ ಹೀರುಬಟ್ಟಲು, ಕೊಕ್ಕೆ. ಕರುಳಿಗೆ ಅಂಟಿಕೊಳ್ಳುವುದಕ್ಕೆ ಅಷ್ಟು ಸಾಕು. ಮಿಕ್ಕ ಮೈಯೆಲ್ಲ ಮೊಟ್ಟೆ ಇಡುವುದಕ್ಕೇ. ಲೆಕ್ಚರರು ತೆಲುಗಿನಲ್ಲಿ ಕೇಳುತ್ತಿದ್ದರು: "ಒರೇಯ್, ಕಡುಪುಲೋ ಉಂಡೇವಾಡಿಕಿ ಕಡುಪು ಎಂದುಕುರಾ?" ಹೊಟ್ಟೆಯೊಳಗೇ ವಾಸ ಮಾಡುವವನಿಗೆ ಬೇರೆ ಹೊಟ್ಟೆ ಯಾಕೆ ಅಂತ. ಈ ಮಾತನ್ನು ಅವರ ಮೂಗುಧ್ವನಿಯಲ್ಲೇ ಹೇಳಿ ನಾನು ಯೂನಿಟ್ಟಿನಲ್ಲೂ ಚಪ್ಪಾಳೆ ಗಿಟ್ಟಿಸಿದ್ದೆ. ಬಾವಿಯ ಹುಳು ತನ್ನ ಪಾಡಿಗೆ ತಾನು ಬೇಟೆಯಾಡಿ ಬದುಕುತ್ತದೆ, ಅದಕ್ಕೆ ಕಣ್ಣು ಬೇಕು. ಲಾಡಿಹುಳು ಇನ್ನೊಬ್ಬರ ಕತ್ತಲೆಯಲ್ಲಿ ಬದುಕುತ್ತದೆ, ಅದಕ್ಕೆ ಕಣ್ಣು ಬೇಡ. ಪರೀಕ್ಷೆಯಲ್ಲಿ ಇದನ್ನು ಹೀಗೇ ಬರೆದಿದ್ದೆ. ಫೇಲಾದೆ.

ನಾನು ಎರಡನೇ ಸಲ ಹೆಬ್ಬೆರಳು ಕುಣಿಸಿ ತೋರಿಸಿದ ಮೇಲೆ ಅಕ್ಕನ ಹೆಬ್ಬೆರಳು ಯಾರಿಗೂ ಕಾಣಲಿಲ್ಲ. ನಿಂತುಹೋಗಿದೆ ಅಂದುಕೊಂಡೆ. ನಿಂತಿರಲಿಲ್ಲ. ಬರುವ ಸುಳಿವು ಸಿಕ್ಕ ಕೂಡಲೇ ಅವಳು ಎಡಗೈಯನ್ನು ಪೀಸುಗಳ ಬಂಡಲಿನ ಕೆಳಗೆ ತೂರಿಸಿ, ತಲೆ ಬಗ್ಗಿಸಿ, ದಾರ ಹುಡುಕುವವಳಂತೆ ಕೂತಿರುತ್ತಿದ್ದಳಂತೆ. ಮೂರು ತಿಂಗಳು ಹಾಗೆ ಬಚ್ಚಿಟ್ಟಳು. ಯಾರಿಗೆ ಹೆದರಿ ಅಂತ ನಾನು ಕೇಳುವಂತಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಮಿಷನ್ನಿನಿಂದ ಪಕ್ಕಕ್ಕೆ ವಾಲಿ ಬಿದ್ದಳು. ಪುಣ್ಯಕ್ಕೆ ಬಿದ್ದದ್ದು ಹೊಲಿದಿಟ್ಟ ಪ್ಯಾಂಟುಗಳ ರಾಶಿಯ ಮೇಲೆ. ಮೈಯೆಲ್ಲ ಸೆಟೆದುಕೊಂಡು ಅದುರಿತು, ಬಾಯಿಂದ ನೊರೆ. ಯಾರೋ ಕೈಗೆ ಕಬ್ಬಿಣ ಕೊಡ್ರಿ ಅಂದರು. ಒಬ್ಬರು ಬೀಗದ ಕೈ ತುರುಕಿದರು, ಒಬ್ಬರು ದಾರ ಕತ್ತರಿಸುವ ಕತ್ತರಿಯನ್ನೇ ಹಿಡಿಸಲು ಹೋದರು. ಬೊಮ್ಮನಹಾಳಿನ ದೊಡ್ಡವ್ವ ಆ ಕತ್ತರಿ ಕಸಿದು ಎಸೆದಳು.

"ಕಣ್ಣಾಗ ಚುಚ್ಚಿಕೊಂಡರ ಏನ್ ಮಾಡ್ತೀರಿ? ಸರೀರಿ ಅತ್ಲಾಗ. ಗಾಳಿ ಬಿಡ್ರಿ," ಅಂತ ಅಕ್ಕನನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಿದಳು. ಆಮೇಲೆ ನನ್ನನ್ನು ನೋಡಿ, "ಏನ್ ನಿಂತಿಯಪ್ಪಾ, ಇದನ್ನೂ ಕಲ್ತುಕೊಣಾಕತ್ತಿಯೇನು?" ಅಂದಳು.

ಸಾವ್ಕಾರರು ಕೆಟ್ಟವರಲ್ಲ. ತಮ್ಮ ಗಾಡಿಯಲ್ಲೇ ಬಸ್ ಸ್ಟ್ಯಾಂಡಿಗೆ ಬಿಟ್ಟರು. "ತಮ್ಮಾ, ಮೊದ್ಲು ತೋರ್ಸಿಕೊಂಡು ಬರ್ರಿ. ವಾಸಿ ಆಗೋ ತನ ಆಕೀನ್ನ ಸೂಜಿ ಮುಂದ ಕುಂದ್ರಿಸಾಕ ನನಗ ಧೈರ್ಯ ಇಲ್ಲ" ಅಂದರು.

ಬಳ್ಳಾರಿಯಲ್ಲಿ ನರರೋಗದ ಡಾಕ್ಟರು ಒಬ್ಬರಿದ್ದರು, ಹೆಚ್ಚು ಮಾತಿಲ್ಲದ ಮನುಷ್ಯ. ಅಕ್ಕ ಬಿದ್ದದ್ದು, ನೊರೆ ಬಂದದ್ದು ಎಲ್ಲ ನಾನು ಹೇಳಲು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ಬಿದ್ದದ್ದು ಇರ್ಲಿ. ಬೀಳಾಕಿಂತ ಮೊದ್ಲು ಏನಾಗ್ತಿತ್ತು? ಎಲ್ಲಿಂದ ಶುರು?"

ಅಕ್ಕ ನೆಲ ನೋಡಿದಳು. ಅವಳಿಗೆ ಹೆಬ್ಬೆರಳಿನವರೆಗೆ ಗೊತ್ತು, ಆಮೇಲಿನದು ಮಸುಕು. ನನಗೆ ಪೂರ್ತಿ ಗೊತ್ತಿತ್ತು, ಆದರೆ ಮಾತಿನಲ್ಲಿ ಬರಲಿಲ್ಲ. ಎದ್ದು ನಿಂತು ಮಾಡಿ ತೋರಿಸಿದೆ. ಹೆಬ್ಬೆರಳು, ಮಣಿಕಟ್ಟು, ತುಟಿ, ಗೋಡೆ ನೋಡುವ ಕಣ್ಣು. ಅಕ್ಕನ ಎದುರಿಗೇ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಇನ್ನೊಮ್ಮೆ ಮಾಡು. ನಿಧಾನಕ್ಕ."

ಮಾಡಿದೆ.

"ಯಾವಾಗ್ಲೂ ಎಡಗೈಯೇನು?"

"ಹೂಂ ಸಾರ್. ಮೊದ್ಲು ಹೆಬ್ಬೆಟ್ಟು. ಅದು ತಪ್ಪದಿಲ್ಲ."

"ನೀನು ಮೊದ್ಲು ನೋಡಿ ಎಷ್ಟು ದಿನ ಆತಪ್ಪಾ?"

"ಮೂರು ತಿಂಗಳಾತು."

"ನೋಡಿ ಏನ್ ಮಾಡಿದಿ?"

"ಇದನ್ನೇ ಎಲ್ಲರಿಗೂ ಮಾಡಿ ತೋರಿಸ್ದೆ ಸಾರ್," ಅಂದೆ.

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಮೂರ್ಛೆ ಒಂದೇ ಜಾಗದಿಂದ, ಅದೂ ಹೆಬ್ಬೆರಳಿನಿಂದ ಶುರುವಾಗುತ್ತದೆ ಅಂದರೆ, ತಲೆಯ ಬಲಭಾಗದಲ್ಲಿ ಆ ಬೆರಳನ್ನು ಆಡಿಸುವ ಜಾಗದ ಹತ್ತಿರ ಏನೋ ಕೂತಿದೆ ಅಂತ ಅರ್ಥ ಅಂದರು. ಸ್ಕ್ಯಾನ್ ಆಯಿತು. ಸಾಯಂಕಾಲ ಆ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಲಗಡೆ ಮೇಲ್ಭಾಗದಲ್ಲಿ ಒಂದು ಸಣ್ಣ ಬಿಳಿ ಉಂಗುರ, ಉಂಗುರದೊಳಗೆ ಒಂದು ಚುಕ್ಕೆ.

"ಈ ಚುಕ್ಕಿ ಐತಲ್ಲ, ಇದು ಹುಳದ ತಲಿ. ಲಾಡಿಹುಳದ ಮರಿ. ಹಂದ್ಯಾಗ ಬೆಳೆಯೋ ಜಾತಿ."

ನಾನು ಜಾಡಿಯಲ್ಲಿ ನೋಡಿದ್ದ ಗುಂಡುಸೂಜಿಯ ತಲೆಯನ್ನು ನೆನೆಸಿಕೊಂಡೆ. ಅದು ನಮ್ಮ ಅಕ್ಕನೊಳಗಿನಿಂದ ನನ್ನನ್ನು ನೋಡುತ್ತಿತ್ತು. ಕಣ್ಣಿಲ್ಲ ಅನ್ನುವುದು ಗೊತ್ತಿದ್ದರೂ ಹಾಗೆ ಅನ್ನಿಸಿತು. ಅಕ್ಕ ಮಾತ್ರ ಒಂದೇ ಮಾತು ಕೇಳಿಸಿಕೊಂಡಿದ್ದಳು.

"ಹಂದಿಯೇ? ಸಾರ್, ನಾವು ಲಿಂಗವಂತರು. ಮೊಟ್ಟೆನೂ ಮುಟ್ಟಿದೋರಲ್ಲ," ಅಂದಳು.

"ಗೊತ್ತಾತವ್ವಾ. ಮಾಂಸ ತಿಂದೋರಿಗಷ್ಟೇ ಬರ್ತದ ಅನ್ನೋದು ತಪ್ಪು. ಇದು ಸೊಪ್ಪು ತಿನ್ನೋರಿಗೂ ಬರ್ತದ," ಅಂದ ಡಾಕ್ಟರು, ಅದನ್ನು ವಿವರಿಸಿದರು. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಹುಳು ದೊಡ್ಡದಾಗಿ ಬೆಳೆಯುತ್ತದೆ. ಅಂಥವರಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅವರು ಬಯಲಲ್ಲಿ ಕೂತರೆ ಮೊಟ್ಟೆಗಳು ನೆಲಕ್ಕೆ, ನೆಲದಿಂದ ನೀರಿಗೆ, ನೀರಿನಿಂದ ಸೊಪ್ಪಿಗೆ. ತೊಳೆಯದ ಕೈಯಿಂದಲೂ ಹೋಗಬಹುದು. ಆ ಮೊಟ್ಟೆಯನ್ನು ಹಂದಿ ತಿಂದರೆ ಹಂದಿಯ ಮಾಂಸದಲ್ಲಿ ಮರಿ ಗೂಡು ಕಟ್ಟುತ್ತದೆ. ಮನುಷ್ಯ ನುಂಗಿದರೆ ಮನುಷ್ಯನ ಮೈಯಲ್ಲಿ, ಕೆಲವರಿಗೆ ತಲೆಯಲ್ಲಿ. ಅಲ್ಲಿ ಅದು ದೊಡ್ಡದಾಗುವುದಿಲ್ಲ, ಹೊರಗೂ ಬರುವುದಿಲ್ಲ. ಅದಕ್ಕೂ ಅದು ದಾರಿ ತಪ್ಪಿದ ಜಾಗ. ಅದು ಸಾಯಲು ಶುರುವಾದಾಗ ಸುತ್ತ ಊತ ಬಂದು ಮೂರ್ಛೆ ಬರುತ್ತದೆ.

ಯಾವಾಗ, ಎಲ್ಲಿ ನುಂಗಿದ್ದು ಅಂತ ಹೇಳಲಾಗುವುದಿಲ್ಲ, ವರ್ಷಗಳೇ ಆಗಿರಬಹುದು ಅಂದರು. ನನಗೆ ಮಾತ್ರ ರಾಯದುರ್ಗದ ನಮ್ಮ ಬಾಡಿಗೆ ಕೋಣೆ ಕಣ್ಣಿಗೆ ಬಂತು. ಸಂಜೆ ಮಂಡಕ್ಕಿ ಕಲಸುವುದು ಅಕ್ಕನ ಕೆಲಸ, ಕೊತ್ತಂಬರಿ ಸೊಪ್ಪು ತೊಳೆಯುವುದು ನನ್ನದು. ಒಂದು ಚೊಂಬು ನೀರು ಚಿಮುಕಿಸಿ, ಸೊಪ್ಪಿಗೆ ತೀರ್ಥ ಕೊಟ್ಟಾಯಿತು ಅಂತ ಅಯ್ಯನೋರ ಧ್ವನಿಯಲ್ಲಿ ಹೇಳುತ್ತಿದ್ದವನು ನಾನು.

ಔಷಧಿ ಬರೆದುಕೊಟ್ಟರು. ಮೂರ್ಛೆ ತಡೆಯುವ ಮಾತ್ರೆ ದಿನಕ್ಕೆರಡು, ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಊತ ಇಳಿಸುವ ಮಾತ್ರೆ, ಆಮೇಲೆ ಅವರು ಹೇಳಿದಾಗ ಮಾತ್ರ ಹುಳದ ಮಾತ್ರೆ. "ಹುಳದ ಗುಳಿಗಿ ನೀವೇ ಅಂಗಡ್ಯಾಗ ತಗೊಂಡು ಕೊಡಬ್ಯಾಡ್ರಿ, ಊತ ಜಾಸ್ತಿ ಆಗ್ತದ. ಮತ್ತ ದಿನಕ್ಕ ಎರಡು ಅಂದರ ಎರಡು. ಒಂದೂ ತಪ್ಪಿಸಬಾರದು." ಇದನ್ನು ಅವರು ಎರಡು ಸಲ ಹೇಳಿದರು.

ಅಕ್ಕನನ್ನು ಊರಿಗೆ ಬಿಟ್ಟು ಬಂದೆ. ಹಂದಿ ಅನ್ನುವ ಮಾತನ್ನು ಹೇಳಬಾರದು ಅಂತ ಇಬ್ಬರೂ ದಾರಿಯಲ್ಲೇ ಮಾತಾಡಿಕೊಂಡಿದ್ದೆವು. ಅವ್ವ ಒಂದು ಗಂಟೆಯಲ್ಲಿ ಅದನ್ನು ಹೊರಗೆ ತೆಗೆದಳು. ಅಷ್ಟೂ ಕೇಳಿ ಒಳಗೆ ಹೋಗಿ, ದೇವರ ಕೋಣೆಯ ಬಾಗಿಲು ಎಳೆದುಕೊಂಡು ಕೂತುಬಿಟ್ಟಳು. ಅಪ್ಪಯ್ಯ ಇಂಥದ್ದರಲ್ಲಿ ಅವ್ವನ ಮುಖ ನೋಡಿ ಸುಮ್ಮನಾಗುವ ಮನುಷ್ಯ. ಹೊರಡುವಾಗ ಅವ್ವ ನನಗೆ ಹೇಳಿದ್ದು ಇಷ್ಟು:

"ಬೀದಿ ತುಂಬ ಬಾಯಿ ಬಿಡಬ್ಯಾಡ. ಔಷ್ದಿ ನಾನು ನೋಡ್ಕಂತೀನಿ."

ಮೊದಲ ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಸಲ ಬಂತು ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಮುಂದಿನ ವಾರ ಮತ್ತೆ. ಮೂರನೇ ವಾರವೂ. ಮಾತ್ರೆ ತಗೊಳ್ತಿದೀಯ ಅಂದರೆ, ತಗೊಳ್ತಿದೀನಿ ಅನ್ನುತ್ತಿದ್ದಳು. ಅಕ್ಕ ಸುಳ್ಳು ಹೇಳುವವಳಲ್ಲ. ಬೊಮ್ಮನಹಾಳಿನ ದೊಡ್ಡವ್ವ ದಾರ ಕತ್ತರಿಸುತ್ತಾ ಒಂದು ದಿನ ಕೇಳಿದಳು: "ಯಾವ ವಾರ ಬರ್ತದ?" ನಾನು ಯೋಚಿಸಿರಲೇ ಇಲ್ಲ. ಮೂರೂ ಸಲ ಅಕ್ಕನ ಫೋನು ಬಂದದ್ದು ಮಂಗಳವಾರ ಬೆಳಿಗ್ಗೆ.

ಆ ವಾರ ಕರೆಂಟು ತೆಗೆಯುವ ದಿನದ ರಜೆ ಸೋಮವಾರ ಬಿತ್ತು. ಮುಂಜಾನೆಯೇ ಹೊರಟು, ಕಲ್ಯಾಣದುರ್ಗದಲ್ಲಿ ಒಂದು ಬಸ್ಸು, ಮಡಕಶಿರದಲ್ಲಿ ಒಂದು ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಮನೆ ಸೇರಿದೆ. ಅಕ್ಕ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು, ತುಟಿ ಒಣಗಿತ್ತು. ಗೋಡೆಯ ಗೂಡಿನಲ್ಲಿದ್ದ ಮಾತ್ರೆಯ ಹಾಳೆ ತೆಗೆದು ನೋಡಿದೆ. ದಿನದ ಲೆಕ್ಕಕ್ಕೆ ಉಳಿಯಬೇಕಾದ್ದಕ್ಕಿಂತ ಹೆಚ್ಚು ಉಳಿದಿತ್ತು.

"ಇವತ್ತು ಬೆಳಿಗ್ಗೆ ನುಂಗ್ದಾ?"

"ಇವತ್ತು ಸೋಮವಾರ ಅಲ್ವಾ," ಅಂದಳು ಅಕ್ಕ.

ಆಗ ಗೊತ್ತಾಯಿತು. ಅವ್ವ ಇಪ್ಪತ್ತೊಂದು ಸೋಮವಾರದ ಉಪವಾಸ ಹೊತ್ತಿದ್ದಳು, ಅಕ್ಕನಿಂದಲೂ ಹೊರಿಸಿದ್ದಳು. ಮೈಯೊಳಗೆ ಸೇರಿದ ಹಂದಿಯ ಸೋಂಕು ಕಳೆಯಬೇಕು. ಸೋಮವಾರ ಎದ್ದ ಹೊತ್ತಿನಿಂದ ಮಂಗಳವಾರ ಬೆಳಗಿನ ಪೂಜೆಯವರೆಗೆ ನೀರು ಬಿಟ್ಟು ಬಾಯಿಗೆ ಏನೂ ಇಲ್ಲ. ಮಾತ್ರೆಯೂ ಇಲ್ಲ. ವಾರದಲ್ಲಿ ಆರು ದಿನ ಅವ್ವ ಗಂಟೆ ಹೊಡೆದ ಹಾಗೆ ಮಾತ್ರೆ ಕೊಡುತ್ತಿದ್ದಳು. ಏಳನೇ ದಿನ ಅದೇ ಶ್ರದ್ಧೆಯಿಂದ ಎರಡನ್ನೂ ತಪ್ಪಿಸುತ್ತಿದ್ದಳು. ಮಂಗಳವಾರ ಕೋಳಿ ಕೂಗುವ ಹೊತ್ತಿಗೆ ಮೂರ್ಛೆ ಬಂದರೆ, ವ್ರತ ಸಾಲದು ಅಂದುಕೊಂಡು ಇನ್ನಷ್ಟು ಬಿಗಿ ಮಾಡುತ್ತಿದ್ದಳು.

ಅವ್ವ ರೇಷ್ಮೆಹುಳುವಿನ ಕೋಣೆಯಲ್ಲಿದ್ದಳು, ಕತ್ತರಿಸಿದ ಸೊಪ್ಪು ಹಾಕುತ್ತಿದ್ದಳು. ತಟ್ಟೆಗಳಿಂದ ಮಳೆ ಬಿದ್ದಂಥ ಸದ್ದು ಬರುತ್ತಿತ್ತು, ಹುಳುಗಳು ಮೇಯುವ ಸದ್ದು. ನಾನು ಬಾಗಿಲಲ್ಲಿ ನಿಂತು, ಭಯಕ್ಕೋ ಅಭ್ಯಾಸಕ್ಕೋ, ಲೆಕ್ಚರರ ಮೂಗುಧ್ವನಿಯಲ್ಲಿ ಪಾಠ ಶುರುಮಾಡಿದೆ. ಅವ್ವ ತಿರುಗಿಯೂ ನೋಡಲಿಲ್ಲ.

"ಅವರಿವರ ಬಾಯಾಗೆ ಮಾತಾಡದಾದ್ರೆ ಆಚೆಗೆ ಹೋಗು. ಹೇಳದಿದ್ರೆ ನಿನ್ನ ಬಾಯಾಗೆ ಹೇಳು."

ನನ್ನ ಬಾಯಲ್ಲಿ ನಾನು ಏನನ್ನಾದರೂ ಹೇಳಿ ಎಷ್ಟು ದಿನವಾಗಿತ್ತೋ. ತಡವರಿಸಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಬಯಲು, ನೀರು, ಸೊಪ್ಪು, ಮೊಟ್ಟೆ. ಸೊಪ್ಪು ತೊಳೆಯುತ್ತಿದ್ದವನು ನಾನು ಅನ್ನುವುದನ್ನೂ ಹೇಳಿದೆ. ಅವ್ವ ಸೊಪ್ಪು ಹರಡುತ್ತಲೇ ಇದ್ದಳು.

"ಹಂದಿ ತಿನ್ನದೆ ಹಂದಿ ಹುಳ ಬತ್ತದೆ ಅಂದ್ರೆ ಯಾರ್ಲ ನಂಬ್ತಾರೆ?"

"ಅವ್ವಾ, ಹೋದ ವರ್ಷ ಆ ಮೂಲೆ ತಟ್ಟೆಗೆ ಕಾಯಿಲೆ ಬಿತ್ತಲ್ಲ. ಪಕ್ಕದ ತಟ್ಟೆಗೆ ಹೆಂಗೆ ಬಂತು?"

"ಹೆಂಗೆ ಬತ್ತದೆ? ರೋಗದ ಹುಳದ ಹಿಕ್ಕೆ ಸೊಪ್ಪಿನ ಮ್ಯಾಲೆ ಬಿತ್ತು. ಆ ಸೊಪ್ಪು ಇವು ತಿಂದವು."

"ಇವೇನು ತಪ್ಪು ಮಾಡಿದ್ವು?"

"ಹುಳದ ತಪ್ಪೇನೈತೆ. ಸೊಪ್ಪು ಹಾಕಿದ್ರು, ತಿಂದವು," ಅಂದವಳು ಅಲ್ಲಿಗೇ ನಿಂತಳು. ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಹೇಳಬೇಕಾದ್ದು ಅವಳ ಮುಂದೆಯೇ ತಟ್ಟೆ ತಟ್ಟೆಯಲ್ಲಿ ಮೇಯುತ್ತಿತ್ತು.

ಆ ಸೊಪ್ಪನ್ನು ತಟ್ಟೆಗೆ ಉದುರಿಸಿ ಅವ್ವ, ನನಗಲ್ಲ, ತನಗೇ ಹೇಳಿಕೊಂಡಂತೆ ಅಂದಳು: "ಹಂಗಾದ್ರೆ ಅವಳ್ಯಾಕೆ ಲಿಂಗಪೂಜೆ ಬಿಟ್ಟವಳೆ? ಊರಿಗೆ ಬಂದಾಗಿಂದ ಕೈಮ್ಯಾಲೆ ಲಿಂಗ ತಗಂಡಿಲ್ಲ. ಏನೋ ತಪ್ಪು ಆಗೈತೆ, ಅದಕ್ಕೇ ಅಂಜ್ತಾಳೆ ಅಂದ್ಕಂಡೆ."

ಇದು ನನಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಕೊರಳಿನ ಲಿಂಗವನ್ನು ತೆಗೆದು ಎಡಗೈಯ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಾರೆ. ಅಕ್ಕ ಏಳು ವರ್ಷದವಳಿದ್ದಾಗಿನಿಂದ ಒಂದು ದಿನವೂ ಬಿಟ್ಟವಳಲ್ಲ. ಅವಳು ಬಾಗಿಲ ಹತ್ತಿರ ಬಂದು ನಿಂತಿದ್ದಳು, ನಮ್ಮ ಮಾತೆಲ್ಲ ಕೇಳಿದ್ದಳು.

"ಹೆಂಗೆ ಇಡ್ಲಿ ಅವ್ವಾ," ಅಂದಳು. "ಈ ಕೈ ನಂದಲ್ಲ ಅನ್ನಂಗೆ ಕುಣಿತೈತೆ. ಪೂಜೆ ಹೊತ್ನಾಗೆ ಕುಣಿದು ಲಿಂಗ ನೆಲಕ್ಕೆ ಬಿದ್ರೆ?"

ಅವಳಿಗಿದ್ದ ಭಯ ಹುಳದ್ದಲ್ಲ, ಸೂಜಿಯದ್ದೂ ಅಲ್ಲ. ಇದು. ಮೂರು ತಿಂಗಳು ಬಂಡಲಿನ ಕೆಳಗೆ ಬಚ್ಚಿಟ್ಟ ಕೈಯನ್ನು ಅವಳು ಮನೆಯಲ್ಲಿ ದೇವರಿಂದಲೂ ಬಚ್ಚಿಟ್ಟಿದ್ದಳು. ಅವ್ವ ಅದನ್ನು ತಪ್ಪೊಪ್ಪಿಗೆ ಅಂದುಕೊಂಡಿದ್ದಳು.

ಅವ್ವ ಕೈ ತೊಳೆದುಕೊಂಡು ಒಳಗೆ ಹೋದಳು. ನಾವು ನಡುಮನೆಯಲ್ಲಿ ನಿಂತೆವು. ತುಂಬಾ ಹೊತ್ತಿನ ಮೇಲೆ ದೇವರ ಕೋಣೆಯಿಂದಲೇ ಕೂಗಿ ಮಾತ್ರೆಯ ಹಾಳೆ ತರಲು ಹೇಳಿದಳು. ಕೊಟ್ಟೆ. ಒಂದು ಮಾತ್ರೆ ಬಿಡಿಸಿ, ಎಡೆ ತೋರಿಸುವ ಹಾಗೆ ತನ್ನ ಅಂಗೈಯ ಲಿಂಗಕ್ಕೆ ತೋರಿಸಿ, ವಿಭೂತಿ ಮುಟ್ಟಿಸಿ ಅಕ್ಕನ ಮುಂದೆ ಹಿಡಿದಳು.

"ಲಿಂಗಕ್ಕೆ ಕೊಟ್ಟದ್ದು ಪ್ರಸಾದ. ಪ್ರಸಾದ ತಗಂಡ್ರೆ ಉಪವಾಸ ಕೆಡಕಿಲ್ಲ. ತಗ."

ಇದನ್ನು ಯಾವ ಅಯ್ಯನೋರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಅರ್ಧ ಗಂಟೆ ಒಬ್ಬಳೇ ಕೂತು ತನ್ನ ವ್ರತಕ್ಕೂ ಮಗಳ ಮಾತ್ರೆಗೂ ನಡುವೆ ತಾನೇ ಒಂದು ಬಾಗಿಲು ಕೊರೆದಿದ್ದಳು. ಸಾಯಂಕಾಲದ ಮಾತ್ರೆಯನ್ನೂ ಹಾಗೆಯೇ ಕೊಟ್ಟಳು.

ಮಂಗಳವಾರ ಬೆಳಕು ಹರಿಯುವ ಮೊದಲೇ ನಾವು ಮೂವರೂ ಎದ್ದಿದ್ದೆವು. ಯಾರೂ ಯಾರನ್ನೂ ಎಬ್ಬಿಸಿರಲಿಲ್ಲ. ಅಕ್ಕ ಚಾಪೆಯ ಮೇಲೆ ಎದ್ದು ಕೂತು ಎಡಗೈಯನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡಿದ್ದಳು. ಮೂವರೂ ಆ ಹೆಬ್ಬೆರಳನ್ನು ನೋಡುತ್ತಿದ್ದೆವು, ಅದು ಏನೋ ಹೇಳಲಿದೆ ಅನ್ನುವ ಹಾಗೆ. ಕೋಳಿ ಕೂಗಿತು. ಹಾಲಿನವನ ಗಾಡಿ ಹೋಯಿತು. ಹಂಚಿನ ಸಂದಿಯಿಂದ ಬಿಸಿಲು ಗೋಡೆಗೆ ಬಿತ್ತು. ಬೆರಳು ಸುಮ್ಮನಿತ್ತು. ಒಂದು ಮಂಗಳವಾರ ಏನನ್ನೂ ಸಾಬೀತು ಮಾಡುವುದಿಲ್ಲ ಅನ್ನುವಷ್ಟು ವಿಜ್ಞಾನ ಫೇಲಾದವನಿಗೂ ಗೊತ್ತು. ಆದರೂ ಅವತ್ತು ಬಸ್ಸು ಹತ್ತುವಾಗ ನನ್ನ ಕಾಲು ಹಗುರವಾಗಿತ್ತು. ಆಮೇಲಿನ ಮಂಗಳವಾರಗಳಲ್ಲಿ ನಾನೇ ಬೆಳಿಗ್ಗೆ ಫೋನು ಮಾಡುತ್ತಿದ್ದೆ. "ಇಲ್ಲ ಕಣೊ," ಅನ್ನುತ್ತಿದ್ದಳು ಅಕ್ಕ, ನಾನು ಕೇಳುವುದಕ್ಕೆ ಮೊದಲೇ.

ಕೆಲವು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸಿದಾಗ ಉಂಗುರ ಹೋಗಿ ಸುಣ್ಣದ ಕಾಳಿನಂಥ ಒಂದು ಚುಕ್ಕೆ ಉಳಿದಿತ್ತು. ಅದು ಸತ್ತ ಹುಳು, ಅಲ್ಲೇ ಇರುತ್ತದೆ, ಅದರ ಗುರುತು ಇರುವವರೆಗೆ ಮೂರ್ಛೆಯ ಮಾತ್ರೆಯನ್ನು ತಾವು ಹೇಳದೆ ನಿಲ್ಲಿಸಬೇಡಿ ಅಂದರು ಡಾಕ್ಟರು. ಮಿಷನ್ನಿಗೆ ಇನ್ನೂ ಕೂರಬೇಡ ಅಂದರು. ಸಾವ್ಕಾರರು ಅಕ್ಕನನ್ನು ಚೆಕಿಂಗ್ ಟೇಬಲ್ಲಿಗೆ ಹಾಕಿಕೊಂಡರು; ಅಲ್ಲಿ ಸೂಜಿಯಿಲ್ಲ, ನಾನು ಹೊಲಿದ ಲೂಪುಗಳನ್ನು ಬಿಚ್ಚಿಸುವುದೇ ಕೆಲಸ. ಮನೆಗೆ ಬಂದ ನೆಂಟರು ಏನು ಕಾಯಿಲೆ ಅಂತ ಕೇಳಿದರೆ ಅವ್ವ ಈಗಲೂ ಹಂದಿಯ ಹೆಸರು ಎತ್ತುವುದಿಲ್ಲ. "ಸೊಪ್ಪಿನಿಂದ ಬಂದದ್ದು" ಅನ್ನುತ್ತಾಳೆ. ಅದು ಸುಳ್ಳೂ ಅಲ್ಲ.

ಚೆಕಿಂಗ್ ಕೆಲಸಕ್ಕೆ ಹೊರಡುವ ಹಿಂದಿನ ದಿನ ಅಕ್ಕ ಮತ್ತೆ ಲಿಂಗಪೂಜೆಗೆ ಕೂತಳು. ನಾನು ಕರೆದೊಯ್ಯಲು ಹೋಗಿದ್ದೆ, ಬಾಗಿಲಿನಿಂದ ನೋಡಿದೆ. ಅವಳು ಕೊರಳಿನ ವಸ್ತ್ರ ಬಿಚ್ಚಿ ಲಿಂಗವನ್ನು ಎಡಗೈ ಮೇಲೆ ಇಟ್ಟುಕೊಂಡಳು. ಅವ್ವ ಎದುರಿಗೆ ಕೂತು ತನ್ನ ಎರಡೂ ಕೈಗಳನ್ನು ಬೊಗಸೆ ಮಾಡಿ ಅಕ್ಕನ ಕೈಯ ಕೆಳಗೆ, ಮುಟ್ಟದೆ, ಒಂದು ಬೆರಳಿನ ಅಂತರದಲ್ಲಿ ಹಿಡಿದಿದ್ದಳು. ಪೂಜೆ ಮುಗಿಯುವವರೆಗೆ ಹಿಡಿದೇ ಇದ್ದಳು.